ಹಿಮ್ಮೇಳ ಕಳಚಿಟ್ಟ ಲೆಪರ್ಡ್

17 ನವೆಂಬರ್ 2024, ಭಾನುವಾರ

ಇವತ್ತು ಮಧ್ಯಾಹ್ನವೆಲ್ಲ ಇಂಗ್ಲೆಂಡಿನ ರಾಕ್ ಬ್ಯಾಂಡ್ ಡೆಫ್ ಲೆಪರ್ಡ್. ಮೊದಲು 1987ರ ‘ಹಿಸ್ಟೀರಿಯಾ’, ಅದರ ಬೆನ್ನಿಗೇ 1996ರ ‘ಸ್ಲ್ಯಾಂಗ್’. ಹೀಗೆ ಸಾಲಾಗಿ ಹಾಕಿ ಕೇಳಿದರೆ ಎರಡೂ ಒಂದೇ ಬ್ಯಾಂಡಿನವು ಅಂತ ನಂಬೋದೇ ಕಷ್ಟ. ತಮ್ಮನ್ನು ಗ್ಲಾಮ್ ಮೆಟಲ್ (ಥಳುಕಿನ ವೇಷ, ಮಿರುಗುವ ಸದ್ದಿನ ರಾಕ್) ಅಂತ ಕರೆದರೆ ಈ ಶೆಫೀಲ್ಡಿನವರಿಗೆ ಇಷ್ಟವಾಗುವುದಿಲ್ಲ, ಗೊತ್ತು. ಆದರೆ ಅವರನ್ನು ಬಿಟ್ಟರೆ ಆ ಪಟ್ಟಿಯಲ್ಲಿ ಉಳಿಯುವುದಾದರೂ ಏನು?

‘ಹಿಸ್ಟೀರಿಯಾ’ದ ಸದ್ದಿನಲ್ಲಿ ಅರ್ಧ ಪಾಲು ಪ್ರೊಡ್ಯೂಸರ್ ಮಟ್ ಲ್ಯಾಂಗ್ ಅವರದು, ಹಾಗಂತ ನನ್ನ ಲೆಕ್ಕ. ಗಿಟಾರಿನ ಕಾರ್ಡನ್ನು, ಅಂದರೆ ಸ್ವರಗಳ ಗೊಂಚಲನ್ನು, ಒಟ್ಟಿಗೆ ಬಾರಿಸಿದರೆ ಸಾಕು ಅನ್ನುವವರಲ್ಲ ಅವರು. ಕೆಲವು ಕಡೆ ಒಂದೊಂದೇ ಸ್ವರ ರೆಕಾರ್ಡ್ ಮಾಡಿಸಿ ಆಮೇಲೆ ಜೋಡಿಸಿದ್ದಾರೆ! ಹಿಮ್ಮೇಳವಂತೂ ಚಿರೋಟಿಯ ಹಾಗೆ ಪದರದ ಮೇಲೆ ಪದರ. ಹಾಡಿದವರು ಕೆಲವೇ ಜನ, ಕೇಳಿಸೋದು ಮಾತ್ರ ಇಡೀ ಸ್ಟೇಡಿಯಂ. ಈ ಆಲ್ಬಮ್ ಮುಗಿಯೋಕೆ ಮೂರು ವರ್ಷ ಹಿಡಿದಿದ್ದು ಸುಮ್ನೆ ಅಲ್ಲ. ನಡುವೆ, 1984ರ ಡಿಸೆಂಬರ್ 31ರಂದು, ಕಾರ್ ಅಪಘಾತದಲ್ಲಿ ಡ್ರಮ್ಮರ್ ರಿಕ್ ಆಲನ್ ಎಡಗೈ ಕಳೆದುಕೊಂಡರು. ಕೈ ಮಾಡುತ್ತಿದ್ದ ಕೆಲಸವನ್ನು ಎಡಗಾಲಿಗೆ ಕಲಿಸಿ, ಪೆಡಲ್ ಒತ್ತಿ ನುಡಿಸುವ ಎಲೆಕ್ಟ್ರಾನಿಕ್ ಡ್ರಮ್ ಕಿಟ್ ಜೊತೆ ವಾಪಸ್ ಬಂದರು.

1991ರಲ್ಲಿ ಗಿಟಾರಿಸ್ಟ್ ಸ್ಟೀವ್ ಕ್ಲಾರ್ಕ್ ತೀರಿಕೊಂಡರು. ಮರುವರ್ಷದ ‘ಅಡ್ರಿನಲೈಜ್’ ಅದೇ ಹಳೇ ಅಚ್ಚಿನದು, ಆದರೂ ಅಮೆರಿಕದಲ್ಲಿ ನಂಬರ್ ಒನ್. ಅಷ್ಟೊತ್ತಿಗೆ ಸಿಯಾಟಲ್ ಕಡೆಯಿಂದ ಗ್ರಂಜ್ ಅನ್ನುವ ಒರಟು ಸದ್ದಿನ ರಾಕ್ ನುಗ್ಗಿ ಬಂದಿತ್ತು. ಇಂಥ ಮಿರುಗುವ ಸದ್ದು ಕೇಳಿದರೆ ಹುಡುಗರು ನಗುವ ಕಾಲ.

‘ಸ್ಲ್ಯಾಂಗ್’ಗೆ ಲ್ಯಾಂಗ್ ಇಲ್ಲ. ಸ್ಪೇನಿನ ಮಾರ್ಬೆಯಾದಲ್ಲಿ ಒಂದು ಮನೆ ಹಿಡಿದು, ಎಲ್ಲರೂ ಒಟ್ಟಿಗೆ ಕೂತು ನುಡಿಸಿದ್ದಾರೆ. ಕ್ಲಾರ್ಕ್ ಜಾಗಕ್ಕೆ ಬಂದ ಗಿಟಾರಿಸ್ಟ್ ವಿವಿಯನ್ ಕ್ಯಾಂಬೆಲ್ ಪೂರ್ತಿಯಾಗಿ ಸೇರಿದ ಮೊದಲ ಸ್ಟುಡಿಯೋ ಆಲ್ಬಮ್ ಇದು. ಹಾಗಾಗಿ ಇವರು ತಮ್ಮ ಸದ್ದು ಕಳೆದುಕೊಂಡರು ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಬೇಕಂತಲೇ ಕಳಚಿಟ್ಟಿದ್ದು.

ಲಾಭವೂ ಇದೆ. ಆಲನ್ ಇಲ್ಲಿ ನಿಜವಾದ ಡ್ರಮ್ಮಿಗೆ ಮರಳಿದ್ದಾರೆ. ಹೆಡ್‌ಫೋನ್ ಹಾಕಿ ಕೇಳಿ, ಚರ್ಮಕ್ಕೆ ಕಡ್ಡಿ ತಾಗುವ ಸದ್ದು ಬೇರೆಯಾಗಿಯೇ ಗೊತ್ತಾಗುತ್ತದೆ. ‘ಹಿಸ್ಟೀರಿಯಾ’ದಲ್ಲಿ ಪ್ರತಿ ಪೆಟ್ಟೂ ಒಂದೇ ಅಳತೆ, ಇಲ್ಲಿ ಒಂದು ಜೋರು, ಒಂದು ಮೆತ್ತಗೆ. ‘ಟರ್ನ್ ಟು ಡಸ್ಟ್’ನಲ್ಲಿ ಸಾರಂಗಿ ಬೇರೆ! ಮೊದಲ ಸಲ ಕೇಳಿದಾಗ ಪಕ್ಕದ ಮನೆ ರೇಡಿಯೋ ಅಂದುಕೊಂಡಿದ್ದೆ. ತೊಂಬತ್ತರ ದಶಕದಲ್ಲಿ ಇಂಥ ಪೂರ್ವದ ಒಗ್ಗರಣೆ ಎಲ್ಲರೂ ಹಾಕುತ್ತಿದ್ದರು. ಆದರೂ ಇಲ್ಲಿ ಅದು ಅಲಂಕಾರಕ್ಕೆ ಬಂದಿಲ್ಲ, ಹಾಡಿನ ಮಬ್ಬಿಗೆ ಹೊಂದಿಕೊಂಡಿದೆ.

ನನ್ನ ತಕರಾರು ಒಂದೇ, ಹಿಮ್ಮೇಳ. ಮುಖ್ಯ ಗಾಯಕ ಜೋ ಎಲಿಯಟ್ ಕೆಳದನಿಯಲ್ಲಿ ಚೆನ್ನಾಗಿ ಹಾಡುತ್ತಾರೆ, ಪದ್ಯಭಾಗ ಬಿಗಿಯಾಗಿ ಹೋಗುತ್ತದೆ. ಕೋರಸ್ ಬಂತು ಅನ್ನುವಾಗ ಕಿವಿ ತಾನೇ ಆ ದೊಡ್ಡ ದನಿಗೆ ಸಿದ್ಧವಾಗುತ್ತದೆ. ಬರುವುದು ಎರಡು ಮೂರು ಕಂಠ ಅಷ್ಟೇ. ಗಿಟಾರ್ ಯಾರಾದರೂ ಬಾರಿಸಿಯಾರು, ಡೆಫ್ ಲೆಪರ್ಡ್ ಅಂತ ಗುರುತು ಸಿಗುತ್ತಿದ್ದದ್ದು ಆ ಹಿಮ್ಮೇಳದಿಂದಲೇ. ಅದನ್ನೊಂದು ಉಳಿಸಿಕೊಂಡು ಬಾಕಿ ಎಲ್ಲ ಬದಲಾಯಿಸಬಹುದಿತ್ತು.

ಅಮೆರಿಕದಲ್ಲಿ ಆಲ್ಬಮ್ 14ನೇ ಸ್ಥಾನಕ್ಕೆ ನಿಂತಿತು. 1999ರ ‘ಯೂಫೋರಿಯಾ’ದಲ್ಲಿ ಹಳೇ ದಾರಿಗೇ ವಾಪಸ್, ಕೆಲವು ಹಾಡು ಬರೆಯೋಕೆ ಲ್ಯಾಂಗ್ ಕೂಡ ಬಂದರು. ಹಿಮ್ಮೇಳ ಪೂರ್ತಿ ಸಿಕ್ಕಿತು, ಡ್ರಮ್ಮಿನ ಆ ಜೀವ ಹೋಯಿತು. ಅದನ್ನು ಇವತ್ತು ಹಾಕಲಿಲ್ಲ.