ಗುಡಿಬಂಡೆ ಕಡೆ ನಕ್ಷತ್ರದ ಫೋಟೊಗೆ ಹೊರಟವರಿಗೆ

ರೂಮಿಗೆ ಒಂದು ರಾತ್ರಿಗೆ 3,500 ರೂಪಾಯಿ. "ನಕ್ಷತ್ರ ವೀಕ್ಷಣೆ ಸಮೇತ" ಅಂತ ಬೋರ್ಡೇ ಹಾಕಿದ್ದರು. ಹೋಗಿ ಇಳಿದರೆ ಗೇಟಿಗೊಂದು ಫ್ಲಡ್ ಲೈಟ್, ಟೆರೇಸ್ ಮೇಲೆ ಎರಡು, ಮಾವಿನ ಮರಕ್ಕೆಲ್ಲ ಸೀರಿಯಲ್ ಸೆಟ್. ರಾತ್ರಿ ಹನ್ನೊಂದಕ್ಕೆ ಮ್ಯಾನೇಜರ್ ಹತ್ತಿರ ಹೋಗಿ, ಬೆಳಗಿನ ಜಾವ ಒಂದು ಗಂಟೆ ಕಾಲ ಲೈಟ್ ಆರಿಸ್ತೀರಾ ಅಂತ ಕೇಳಿದೆ. "ಆಗಲ್ಲ ಸಾರ್, ಸಿಸಿ ಕ್ಯಾಮೆರಾಗೆ ಕಾಣಬೇಕು. ನೀವು ಫೋಟೊ ತೆಗೀರಿ, ಆಮೇಲೆ ಎಡಿಟ್ ಮಾಡಿ ಲೈಟ್ ಅಳಿಸಬಹುದಲ್ವಾ?" ಅಂದ. ಗುಡಿಬಂಡೆ ಸುತ್ತಮುತ್ತ ರೂಮ್ ಹುಡುಕುವವರು ದುಡ್ಡು ಕೊಡುವ ಮುಂಚೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: ರಾತ್ರಿ ಲೈಟ್ ಆರಿಸ್ತೀರಾ ಇಲ್ವಾ?

ನಾವು ಹೋಗಿದ್ದು ಯುಗಾದಿ ಅಮಾವಾಸ್ಯೆಗೆ ಎರಡು ದಿನ ಮುಂಚೆ, ನಾನು ಮತ್ತು ನನ್ನ ಭಾವಮೈದ. ಅಮಾವಾಸ್ಯೆ ಹೊತ್ತಲ್ಲಿ ಕತ್ತಲೆಗೆ ಹೋಗಿ ಕೂರ್ತೀವಿ ಅಂದಿದ್ದಕ್ಕೆ ಅತ್ತೆಗೆ ಇನ್ನೂ ಸಿಟ್ಟಿದೆ. ಆದರೆ ಚಂದ್ರ ಇದ್ದರೆ ಆಕಾಶಗಂಗೆ ಎಲ್ಲಿ ಕಾಣುತ್ತೆ?

ನಂದಿಬೆಟ್ಟ ಯಾಕೆ ಬೇಡ ಅಂದರೆ, ರಾತ್ರಿ ಒಳಗೆ ಬಿಡುವುದಿಲ್ಲ. ಬಿಟ್ಟರೂ ಪ್ರಯೋಜನ ಕಡಿಮೆ. ಆಕಾಶಗಂಗೆಯ ದಟ್ಟವಾದ ಭಾಗ ಇರುವುದು ಧನು, ವೃಶ್ಚಿಕ ರಾಶಿಗಳ ಕಡೆ. ಅವು ನಮಗೆ ಕಾಣುವುದು ದಕ್ಷಿಣದಲ್ಲಿ. ಚಿಕ್ಕಬಳ್ಳಾಪುರ ಜಿಲ್ಲೆಗೆ ದಕ್ಷಿಣದಲ್ಲಿ ಏನಿದೆ? ಬೆಂಗಳೂರು! ಹಿಂದೆ ಬಿಟ್ಟು ಬಂದೆವು ಅಂದುಕೊಂಡ ಊರಿನ ಕಡೆಗೇ ಕ್ಯಾಮೆರಾ ತಿರುಗಿಸಬೇಕು. ಅದಕ್ಕೇ ಇನ್ನೂ ಉತ್ತರಕ್ಕೆ, ಗುಡಿಬಂಡೆಗೆ ಹೋದೆವು. ಅಲ್ಲೂ ದಕ್ಷಿಣದ ಅಂಚಿನಲ್ಲಿ ಕೆಂಪು ಹೊಗೆಯಂಥ ಬೆಳಕು ಇದ್ದೇ ಇದೆ. ನಡುರಾತ್ರಿ ಕಳೆದ ಮೇಲೆ ತ್ರಿಶಂಕು ನಕ್ಷತ್ರಗಳು ಅದರ ಮೇಲೇ ಮಂಕಾಗಿ ನಿಂತಿದ್ದವು.

ಭಾವಮೈದ ಮಾತ್ರ ಗೌರಿಬಿದನೂರಿಗೇ ಹೋಗೋಣ ಅಂತ ಹಟ ಹಿಡಿದಿದ್ದ. "ಅಲ್ಲಿ ಟೆಲಿಸ್ಕೋಪ್ ಇದೆ ಭಾವ, ಅಂದ್ಮೇಲೆ ಕತ್ತಲೆ ಚೆನ್ನಾಗಿರುತ್ತೆ." ಇರುವುದೇನೋ ನಿಜ, 1976ರಿಂದಲೂ ಇದೆ. ಆದರೆ ಅದು ರೇಡಿಯೋ ದೂರದರ್ಶಕ. ಬಯಲಲ್ಲಿ ಸಾಲಾಗಿ ನಿಲ್ಲಿಸಿದ ಆಂಟೆನಾಗಳು, ಆಕಾಶದ ರೇಡಿಯೋ ಅಲೆ ಹಿಡಿಯುತ್ತವೆ. ಅದಕ್ಕೆ ಹಗಲಾದರೇನು, ರಾತ್ರಿಯಾದರೇನು?

ಬಸ್ಸಿನ ಕತೆ ಹೇಳಲೇಬೇಕು. ಚಿಕ್ಕಬಳ್ಳಾಪುರದಲ್ಲಿ ಹತ್ತಿದ ಬಸ್ಸು ಜನ ತುಂಬಲಿ ಅಂತ ಮುಕ್ಕಾಲು ಗಂಟೆ ನಿಂತಿತು. ತುಂಬಿದ ಮೇಲೂ ಹೊರಡಲಿಲ್ಲ. ಹಬ್ಬದ ರಶ್ಶು, ಒಂಟಿ ಕಾಲಲ್ಲಿ ನಿಂತಿದ್ದೆ. ಕಂಡಕ್ಟರ್ ನನ್ನ ಟ್ರೈಪಾಡ್ ಚೀಲ ನೋಡಿ "ಏನ್ ಸಾರ್, ಗನ್ನಾ?" ಅಂತ ನಕ್ಕು, ತಗೊಂಡು ಹಿಂದೆ ಡಿಕ್ಕಿಗೆ ಹಾಕಿಸಿದ. ಪೇರೇಸಂದ್ರದಲ್ಲಿ ಯಾರೋ ಅದರ ಮೇಲೆ ಈರುಳ್ಳಿ ಮೂಟೆ ಹಾಕಿದರು. ಇಳಿದು ನೋಡಿದರೆ ಒಂದು ಕಾಲಿನ ಲಾಕ್ ಸೀಳಿಹೋಗಿತ್ತು. ಪಂಕ್ಚರ್ ಅಂಗಡಿಯವರು ಹಳೆ ಸೈಕಲ್ ಟ್ಯೂಬ್ ಕತ್ತರಿಸಿ ಬಿಗಿಯಾಗಿ ಸುತ್ತಿಕೊಟ್ಟರು. ದುಡ್ಡು ಬೇಡ ಅಂದರು. ಆ ಟ್ಯೂಬ್ ಇವತ್ತಿಗೂ ಹಾಗೇ ಇದೆ. ಟ್ರೈಪಾಡ್ ಕೈಯಿಂದ ಬಿಡಬೇಡಿ. ಆಗೋದಾದರೆ ಬೈಕಲ್ಲೇ ಹೋಗಿ.

ಮೊದಲ ರಾತ್ರಿ ಹೋಮ್‌ಸ್ಟೇ ಬಿಟ್ಟು ಕತ್ತಲೆ ಹುಡುಕುತ್ತಾ ಒಂದು ಮೈಲಿ ನಡೆದೆವು. ದಿಣ್ಣೆ ಹತ್ತಿದರೆ ಎದುರಿಗೆ ಒಂದು ಹೊಲ ಪೂರ್ತಿ ಬಲ್ಬು! ಸಾಲು ಸಾಲಾಗಿ ವೈರ್ ಎಳೆದು, ಮಾರಿಗೊಂದು ಬಲ್ಬು ನೇತುಹಾಕಿದ್ದಾರೆ. ಮದುವೆಯೂ ಇಲ್ಲ, ಜಾತ್ರೆಯೂ ಇಲ್ಲ. ಮೊಬೈಲಲ್ಲಿ ನೋಡಿಕೊಂಡಿದ್ದ ಬೆಳಕಿನ ಮ್ಯಾಪಿನಲ್ಲಿ ಆ ಜಾಗ ಕಪ್ಪಗಿತ್ತು. ಸುಮ್ನೆ ವಾಪಸ್ ಬಂದು ಮಲಗಿದೆವು. ಮಾರನೆಯ ದಿನ ಏನೂ ಮಾಡಲಿಲ್ಲ.

ಸಂಜೆ ಆ ಹೊಲದವರೇ ಸಿಕ್ಕರು. ಸೇವಂತಿಗೆಯಂತೆ. ರಾತ್ರಿ ಉದ್ದ ಇದ್ದರೆ ಆ ಗಿಡ ಬೆಳೆಯುವುದು ಬಿಟ್ಟು ಮೊಗ್ಗು ಬಿಡುತ್ತೆ. ಅದಕ್ಕೆ ಎಳೇ ಗಿಡಕ್ಕೆ ನಡುರಾತ್ರಿ ಬೆಳಕು ಕೊಟ್ಟು ರಾತ್ರಿಯನ್ನು ತುಂಡು ಮಾಡುತ್ತಾರೆ. "ಹತ್ತಕ್ಕೆ ಹಾಕ್ತೀನಿ, ಎರಡಕ್ಕೆ ಆರಿಸ್ತೀನಿ. ನಿಮ್ಗೆ ಯಾವಾಗ ಬೇಕು ಸಾರ್?" ಅಂದರು. ನಮಗೆ ಬೇಕಿದ್ದದ್ದು ನಾಲ್ಕಕ್ಕೆ! ಮಾರ್ಚ್‌ನಲ್ಲಿ ಆಕಾಶಗಂಗೆಯ ದಟ್ಟ ಭಾಗ ಹುಟ್ಟುವುದೇ ಹೆಚ್ಚುಕಡಿಮೆ ಒಂದು ಗಂಟೆಗೆ. ಬೆಂಗಳೂರಿನ ಬೆಳಕು ದಾಟಿ ಮೇಲೆ ಬರಲು ಮೂರಾದರೂ ಆಗಬೇಕು. ಐದು ದಾಟಿದರೆ ಆಕಾಶ ಬೆಳ್ಳಗಾಗಲು ಶುರು. ನಾಲ್ಕರಿಂದ ಐದು, ಅಷ್ಟೇ ನಿಮ್ಮ ಸಮಯ.

ಅವರ ಪಂಪ್‌ಸೆಟ್ ಮನೆ ಪಕ್ಕದ ಬಂಡೆ ಮೇಲೆ ಟ್ರೈಪಾಡ್ ಇಟ್ಟೆವು. ನನ್ನದು ಹಳೆ ಕ್ಯಾನನ್ 1500ಡಿ, ಜೊತೆಗೆ ಬಂದ 18-55 ಲೆನ್ಸ್. ಆಟೋ ಫೋಕಸ್ ಕತ್ತಲಲ್ಲಿ ಸುಮ್ಮನೆ ಅತ್ತಿತ್ತ ತಿರುಗುತ್ತೆ, ಅದನ್ನು ಆಫ್ ಮಾಡಿ. ಲೈವ್ ವ್ಯೂನಲ್ಲಿ ಜ್ಯೇಷ್ಠಾ ನಕ್ಷತ್ರವನ್ನು 10 ಪಟ್ಟು ದೊಡ್ಡದು ಮಾಡಿ, ಚುಕ್ಕಿ ಆದಷ್ಟು ಸಣ್ಣಗಾಗುವವರೆಗೆ ರಿಂಗ್ ತಿರುಗಿಸಿದೆ. ಮತ್ತೆ ಅಲುಗಾಡದಿರಲಿ ಅಂತ ಟೇಪ್ ಹಚ್ಚಿದೆ. 18 ಎಂಎಂ, ಎಫ್ 3.5, ಐಎಸ್ಒ 3200, ಶಟರ್ ತೆರೆದಿದ್ದು 15 ಸೆಕೆಂಡ್. 20 ಇಟ್ಟು ನೋಡಿದೆ, ನಕ್ಷತ್ರಗಳು ಅಕ್ಕಿಕಾಳಿನಂತೆ ಉದ್ದ ಬಂದವು. ಭೂಮಿ ತಿರುಗುತ್ತಿರುತ್ತಲ್ಲ.

ಬೆಟ್ಟ ಹತ್ತಿ ತೆಗೆಯುವ ಆಸೆ ಬಿಡಿ. ಈ ಕಡೆ ಗುಡ್ಡಗಳಲ್ಲಿ ಚಿರತೆ, ಕರಡಿ ಎರಡೂ ಇವೆ. ಹೊಲದವರನ್ನು ಕೇಳಿ ಹೋದರೆ ನಾಯಿ ಕಾಟವೂ ಇರುವುದಿಲ್ಲ.

ಬೆಳಗ್ಗೆ ಆ ರೈತರಿಗೆ ಕ್ಯಾಮೆರಾದಲ್ಲೇ ಫೋಟೊ ತೋರಿಸಿದೆ. ಆಕಾಶದ ಕಡೆ ನೋಡಲೇ ಇಲ್ಲ. "ನಮ್ ಪಂಪ್‌ಸೆಟ್ ಮನೆ ಎಷ್ಟು ಚೆನ್ನಾಗ್ ಬಂದೈತೆ!" ಅಂತ ಮಗನನ್ನು ಕೂಗಿದರು.

ಊಟ-ತಿಂಡಿಗೆ ಹೋಮ್‌ಸ್ಟೇ ನಂಬಬೇಡಿ. ಬಸ್ ಸ್ಟ್ಯಾಂಡ್ ಹತ್ತಿರ ತಗಡು ಶೀಟಿನ ಸಣ್ಣ ಹೋಟೆಲ್ ಇದೆ, ಅಮ್ಮ ಮತ್ತು ಮಗಳು ನಡೆಸುತ್ತಾರೆ. ಮಾತೆಲ್ಲ ತೆಲುಗು, ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ. ಬಟ್ಟೆ ಹಾಸಿ ಬೇಯಿಸಿದ ಇಡ್ಲಿ, ಮೇಲೆ ನೇಯ್ಗೆಯ ಗುರುತು ಹಾಗೇ ಇರುತ್ತೆ. ಕಡ್ಲೆಬೀಜದ ಚಟ್ನಿ ಗಟ್ಟಿ, ಹಸಿಮೆಣಸಿನಕಾಯಿ ಕಣ್ಣಲ್ಲಿ ನೀರು ಬರಿಸುವಷ್ಟು. ಆ ಅಮ್ಮ ತಟ್ಟೆ ಖಾಲಿಯಾಗಲು ಬಿಡುವುದಿಲ್ಲ, "ತಿನ್ನಪ್ಪ, ರಾತ್ರಿಯೆಲ್ಲಾ ಎದ್ದಿದ್ಯಂತಲ್ಲ" ಅಂತ ಇನ್ನೆರಡು ಹಾಕುತ್ತಾರೆ. ಸುದ್ದಿ ಅವರಿಗೆ ಹೇಗೆ ಮುಟ್ಟಿತೋ! ಇಬ್ಬರೂ ಹೊಟ್ಟೆ ಬಿರಿಯ ತಿಂದು, ಎರಡೆರಡು ಟೀ ಕುಡಿದು ಕೊಟ್ಟಿದ್ದು 110 ರೂಪಾಯಿ. ಎಂಟರೊಳಗೆ ಹೋಗಿ, ಆಮೇಲೆ ಚಟ್ನಿಗೆ ನೀರು ಬೀಳುತ್ತೆ.