ಪಾಸ್ ಕೊಟ್ಟವಳ ಕಡೆ ಒಂದು ಕೈ

ನಮ್ಮ ಕಾಲೇಜಿನ ಬಾಸ್ಕೆಟ್‌ಬಾಲ್ ಟೀಮಿನಲ್ಲಿದ್ದವರು ಹೆಚ್ಚಿನವರು ಹೈಸ್ಕೂಲಿನಲ್ಲಿ ಖೊಖೊ, ಥ್ರೋಬಾಲ್ ಆಡಿ ಬಂದವರು. ಸಾಗರ, ತೀರ್ಥಹಳ್ಳಿ, ಹೊಸನಗರದ ಹುಡುಗಿಯರು. ಓಡುವುದರಲ್ಲಿ ಯಾರೂ ಕಡಿಮೆ ಇರಲಿಲ್ಲ. ಆದರೆ ಬಾಲ್ ಕೈಗೆ ಸಿಕ್ಕರೆ ಸಾಕು, ಎಲ್ಲರಿಗೂ ರಿಂಗ್ ಒಂದೇ ಕಾಣುತ್ತಿತ್ತು. ಪಕ್ಕದಲ್ಲಿ ಖಾಲಿ ನಿಂತು ಕೈ ಚಾಚಿದವಳು ಚಾಚಿಯೇ ಇರುತ್ತಿದ್ದಳು.

ಅದಕ್ಕೆ ನಮ್ಮ ಪಿಇ ಸರ್ ಒಂದು ನಿಯಮ ತಂದರು. ಬಾಸ್ಕೆಟ್ ಹಾಕಿದವಳು ವಾಪಸ್ ಓಡುವಾಗ ಪಾಸ್ ಕೊಟ್ಟವಳ ಕಡೆ ಬೆರಳು ತೋರಿಸಬೇಕು. ತೋರಿಸದಿದ್ದರೆ ಪ್ರಾಕ್ಟೀಸಿನಲ್ಲಿ ಆ ಬಾಸ್ಕೆಟ್ ಲೆಕ್ಕಕ್ಕಿಲ್ಲ.

ಇದು ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲಿನಲ್ಲಿ ಹಳೆಯ ಪದ್ಧತಿ. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ 1961ರಿಂದ 1997ರವರೆಗೆ ಕೋಚ್ ಆಗಿದ್ದ ಡೀನ್ ಸ್ಮಿತ್ ತಮ್ಮ ಹುಡುಗರಿಗೆ ಇದನ್ನು ಕಡ್ಡಾಯ ಮಾಡಿದ್ದರು. 1982ರ ರಾಷ್ಟ್ರೀಯ ಕಾಲೇಜು ಟೂರ್ನಿಯ ಫೈನಲ್‌ನಲ್ಲಿ, ಆಮೇಲೆ ಜಗತ್ಪ್ರಸಿದ್ಧ ಆಟಗಾರನಾದ ಮೈಕೆಲ್ ಜೋರ್ಡಾನ್ ಇನ್ನೂ ಮೊದಲ ವರ್ಷದ ವಿದ್ಯಾರ್ಥಿ. ಕೊನೆಯ ಗಳಿಗೆಯಲ್ಲಿ ಅವನು ಹಾಕಿದ ಶಾಟ್‌ನಿಂದ ಆ ಟೀಮ್ 63-62ರಲ್ಲಿ ಗೆದ್ದಿತು. ಆ ಶಾಟ್ ಎಲ್ಲರಿಗೂ ಗೊತ್ತು. ಬಾಲ್ ಕೊಟ್ಟವನು ಜಿಮ್ಮಿ ಬ್ಲ್ಯಾಕ್ ಅಂತ ಎಷ್ಟು ಜನ ಹೇಳುತ್ತಾರೆ? ಸರ್ ಈ ಪ್ರಶ್ನೆ ಕೇಳಿ ಸುಮ್ಮನೆ ನಮ್ಮ ಮುಖ ನೋಡಿದ್ದರು. ಆಮೇಲೆ ಇನ್ನೊಂದು ವಿಷಯ ಹೇಳಿದರು. 1891ರಲ್ಲಿ ನೈಸ್ಮಿತ್ ಈ ಆಟ ಶುರು ಮಾಡಿದಾಗ ಬಾಲ್ ಹಿಡಿದು ಓಡುವ ಹಾಗೇ ಇರಲಿಲ್ಲ, ಹಿಡಿದ ಜಾಗದಿಂದಲೇ ಎಸೆಯಬೇಕಿತ್ತು. ಅಂದರೆ ಬಾಲನ್ನು ನೆಲಕ್ಕೆ ಪುಟಿಸುತ್ತಾ ಓಡುವ ಡ್ರಿಬಲ್ ಆಮೇಲೆ ಬಂದದ್ದು, ಪಾಸ್ ಮೊದಲಿಂದ ಇದ್ದದ್ದು.

ನಿಯಮ ಒಪ್ಪಿಕೊಂಡರೂ ಕೈ ಏಳುತ್ತಿರಲಿಲ್ಲ. ನಮ್ಮ ಕಡೆ ಮನೆಯವರಿಗೆ ಯಾರು ಥ್ಯಾಂಕ್ಸ್ ಹೇಳುತ್ತಾರೆ? ಅಮ್ಮ ಕಾಫಿ ಕೊಟ್ಟರೆ ಕುಡಿದು ಲೋಟ ಇಡುತ್ತೇವೆ, ಅಷ್ಟೇ. ಅದೂ ಅಲ್ಲದೆ ಪಾಸ್ ಕೊಡುತ್ತಿದ್ದವರು ಫೈನಲ್ ಇಯರ್ ಅಕ್ಕ. ದೊಡ್ಡವರ ಕಡೆ ಬೆರಳು ತೋರಿಸಬಾರದು ಅಂತಲೇ ಬೆಳೆದವರು ನಾವು. ಕೊನೆಗೆ ಅಕ್ಕನೇ ದಾರಿ ಹೇಳಿದರು: "ಬೆರಳು ಬೇಡ ಕಣ್ರೇ, ಅಂಗೈ ಎತ್ತಿ ತೋರಿಸಿ. ಶಾಟ್ ಮಿಸ್ ಆದ್ರೂ ಎತ್ತಿ. ಪಾಸ್ ಚೆನ್ನಾಗಿತ್ತಲ್ವಾ?"

ಈ ಎರಡನೇ ಮಾತು ನಮ್ಮ ಟೀಮನ್ನು ಬದಲಾಯಿಸಿತು ಅಂತ ನಾನು ನಂಬುತ್ತೇನೆ. ಶಾಟ್ ತಪ್ಪಿದವಳು ತಲೆ ತಗ್ಗಿಸಿ ನಿಲ್ಲುವುದು ನಿಂತಿತು. ಕೈ ಎತ್ತಬೇಕಾದರೆ ತಿರುಗಿ ನೋಡಬೇಕು, ತಿರುಗಿದ ಮೇಲೆ ಡಿಫೆನ್ಸಿಗೆ ಓಡಲೇಬೇಕು. ಕೊಟ್ಟವಳಿಗೂ ಮತ್ತೆ ಕೊಡಬೇಕು ಅನ್ನಿಸುತ್ತಿತ್ತು.

ಸ್ಕೋರ್ ಶೀಟಿನಲ್ಲಿ ಇದ್ಯಾವುದಕ್ಕೂ ಜಾಗ ಇಲ್ಲ. ಯಾವ ನಂಬರ್ ಎಷ್ಟು ಪಾಯಿಂಟ್ ಹಾಕಿತು, ಯಾರ ಮೇಲೆ ಎಷ್ಟು ಫೌಲ್, ಟೈಮ್‌ಔಟ್ ಎಷ್ಟು, ಇಷ್ಟನ್ನೇ ಅದರಲ್ಲಿ ಬರೆಯುವುದು. ಹಾಗಾಗಿ ಬೆಂಚಿನಲ್ಲಿ ಕೂತ ಹುಡುಗಿಯ ಕೈಗೆ ಸರ್ ಒಂದು ನೋಟ್‌ಬುಕ್ ಕೊಟ್ಟಿದ್ದರು. ಬಾಸ್ಕೆಟ್ ಬಿದ್ದಾಗಲೆಲ್ಲ ಪಾಸ್ ಯಾರದ್ದು ಅಂತ ಅವಳು ಗೀಟು ಹಾಕಬೇಕು.

ಕುವೆಂಪು ವಿಶ್ವವಿದ್ಯಾಲಯದ ಅಂತರ ಕಾಲೇಜು ಟೂರ್ನಿ ಆ ವರ್ಷ ಶಿವಮೊಗ್ಗದಲ್ಲೇ ಇತ್ತು. ಸೆಮಿಫೈನಲ್ ಚಿಕ್ಕಮಗಳೂರಿನ ಕಾಲೇಜಿನ ಜೊತೆ. ಮಧ್ಯಾಹ್ನ ಮಳೆ ಬಂದು ಹೋಗಿತ್ತು. ಕಾಂಕ್ರೀಟ್ ಕೋರ್ಟಿನ ನೀರನ್ನು ಪೊರಕೆಯಲ್ಲಿ ತಳ್ಳಿ, ಗೋಣಿಚೀಲ ಹಾಸಿ ಒರೆಸಿ ಆಟ ಶುರು ಮಾಡಿದರು. ಒಂದು ಮೂಲೆ ಕೊನೆವರೆಗೂ ಒಣಗಲಿಲ್ಲ. ಒದ್ದೆ ಬಾಲಿನಲ್ಲಿ ಡ್ರಿಬಲ್ ಮಾಡುವುದು ಕಷ್ಟ, ಅಂಗೈಯಿಂದ ಜಾರುತ್ತದೆ. ಪಾಸ್ ಮಾಡಿಯೇ ಆಡಬೇಕಾಯಿತು, ಅದು ನಮಗೆ ಒಳ್ಳೆಯದೇ ಆಯಿತು.

ಕೊನೆಯ ಕ್ವಾರ್ಟರ್ ಮುಗಿಯುತ್ತಾ ಬಂದಾಗ ನಾವು ಒಂದು ಪಾಯಿಂಟ್ ಹಿಂದೆ. ಶಾಟ್ ಕ್ಲಾಕ್ ಇರಲಿಲ್ಲ, ಟೇಬಲ್‌ನವರು ಸ್ಟಾಪ್‌ವಾಚ್ ನೋಡಿ ಕೂಗುತ್ತಿದ್ದರು. ಬಾಲ್ ಅಕ್ಕನ ಕೈಯಲ್ಲಿ. ನನ್ನನ್ನು ಕಾಯುತ್ತಿದ್ದ ಎದುರು ಟೀಮಿನ ಹುಡುಗಿ ಮೈಗೆ ಅಂಟಿಕೊಂಡೇ ಇದ್ದಳು. ಆಗ ಹೊಸನಗರದವಳು ಫ್ರೀ ಥ್ರೋ ಗೆರೆಯ ತುದಿಗೆ ಬಂದು ಕಾಲು ಅಗಲಿಸಿ, ಎರಡೂ ಕೈ ಎದೆಗೆ ಕಟ್ಟಿ ನಿಂತಳು. ಸ್ಕ್ರೀನ್ ಅಂದರೆ ಅದೇ, ಕಾಯುವವಳ ದಾರಿಗೆ ಅಡ್ಡ ನಿಲ್ಲುವುದು. ಒಂಚೂರು ಕದಲಿದರೂ ಫೌಲ್ ಅವಳ ಮೇಲೇ. ನಾನು ಅವಳ ಭುಜ ಸವರಿಕೊಂಡು ಒಳಗೆ ಓಡಿದೆ. ನನ್ನ ಹಿಂದೆ ಬಂದವಳು ಸೀದಾ ಅವಳಿಗೆ ಗುದ್ದಿದ ಸದ್ದು ಕೇಳಿಸಿತು. ಅಕ್ಕನ ಬೌನ್ಸ್ ಪಾಸ್ ಇಬ್ಬರ ಕಾಲ ಮಧ್ಯೆ ನೆಲಕ್ಕೆ ಬಡಿದು ನನ್ನ ಸೊಂಟದ ಎತ್ತರಕ್ಕೆ ಬಂತು. ಬೋರ್ಡಿಗೆ ತಾಗಿಸಿ ಹಾಕಿದೆ.

ತಿರುಗಿ ಅಕ್ಕನ ಕಡೆ ಅಂಗೈ ಎತ್ತಿದೆ. ಅಕ್ಕ ನನ್ನ ಕಡೆ ನೋಡಲೇ ಇಲ್ಲ. ಅವರ ಕೈ ಆಗಲೇ ಹೊಸನಗರದವಳ ಕಡೆ ಎದ್ದಿತ್ತು. ಅವಳು ಎದೆ ಉಜ್ಜಿಕೊಳ್ಳುತ್ತಾ ಡಿಫೆನ್ಸಿಗೆ ಓಡುತ್ತಿದ್ದಳು. ಉಳಿದ ಸೆಕೆಂಡುಗಳನ್ನು ಐದೂ ಜನ ಸೇರಿ ಕಾದೆವು, ಗೆದ್ದೆವು.

ಅಡಿಕೆ ಮಂಡಿ ಕೆಲಸಕ್ಕೆ ಬಂದಿದ್ದ ಅವಳ ಅಪ್ಪ ಮ್ಯಾಚ್ ನೋಡಲು ಅಲ್ಲಿಗೇ ಬಂದಿದ್ದರು. ಟೇಬಲ್ ಮೇಲಿನ ಶೀಟ್ ಬಗ್ಗಿ ನೋಡಿ, "ನೀನು ಒಂದೂ ಹಾಕಿಲ್ವಲ್ಲೇ ಮಗಾ" ಅಂದರು. ಅವಳ ಹೆಸರಿನ ಮುಂದೆ ಫೌಲ್ ಬಿಟ್ಟರೆ ಏನೂ ಇರಲಿಲ್ಲ.

"ಅಂಕಲ್, ಕೊನೇದು ಅವಳಿಂದಾನೇ ಬಂದಿದ್ದು, ಬನ್ನಿ ಇಲ್ಲಿ" ಅಂತ ಅಕ್ಕ ಅವರನ್ನು ಕೋರ್ಟಿಗೆ ಕರೆದರು. ನಮ್ಮ ಮೂವರನ್ನೂ ಅದೇ ಜಾಗದಲ್ಲಿ ನಿಲ್ಲಿಸಿ, ನಿಧಾನವಾಗಿ ಮತ್ತೊಮ್ಮೆ ಆಡಿಸಿ ತೋರಿಸಿದರು. ಅವರು ಗಮನ ಇಟ್ಟು ನೋಡಿದರು. "ಓ, ಕೊನೆಗೌಡ ಮರದ ಮೇಲಿಂದ ಅಡಿಕೆ ಕೊನೆ ಬಿಟ್ಟಾಗ ಕೆಳಗೆ ಹಗ್ಗ ಹಿಡಿಯೋನ ಕೆಲಸ ಇದು. ಅವನು ಸರಿಯಾಗಿ ನಿಲ್ಲದೇ ಹೋದ್ರೆ ಅಡಿಕೆಯೆಲ್ಲ ನೆಲಕ್ಕೆ ಉದುರುತ್ತೆ" ಅಂದರು. ಮಗಳ ಮುಖ ಅರಳಿತು.

ಮರುದಿನ ಫೈನಲ್ ಸೋತೆವು, ಎದುರಿನವರು ನಮಗಿಂತ ಚೆನ್ನಾಗಿಯೇ ಆಡಿದರು. ಆದರೆ ಆ ಮ್ಯಾಚಿಗೆ ಮುಂಚೆಯೇ ಸರ್ ನೋಟ್‌ಬುಕ್ ತೆಗೆದುಕೊಂಡು, ಪಾಸ್ ಕಾಲಂ ಪಕ್ಕದಲ್ಲಿ ಸ್ಕೇಲ್ ಇಟ್ಟು ಇನ್ನೊಂದು ಗೆರೆ ಎಳೆದಿದ್ದರು. ಮೇಲೆ "ಸ್ಕ್ರೀನ್" ಅಂತ ಬರೆದು ಬೆಂಚಿನ ಹುಡುಗಿಗೆ ವಾಪಸ್ ಕೊಟ್ಟರು.