ನಿದ್ದೆಗೆಂದು ಹಿಡಿದ ಟ್ಯೂಬು

ಯಾದಗಿರಿ ಜಿಲ್ಲೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಪಾಠ ಹೇಳುವ ನಾನು, ಚಟವೆಂದರೆ ಮಕ್ಕಳ ಚೀಲ ತಡಕಿ, ಗುಟ್ಕಾ ಪಾಕೀಟು ಸಿಕ್ಕರೆ ತರಗತಿಯ ಹೊರಗೆ ನಿಲ್ಲಿಸಿ ಮುಗಿಸಬಹುದಾದ ಶಿಸ್ತಿನ ಸಂಗತಿಯೆಂದೇ ಬಹುಕಾಲ ತಿಳಿದಿದ್ದೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬನ ಜೇಬಿನಲ್ಲಿ ಪಂಕ್ಚರ್ ಹಾಕುವ ಸೊಲ್ಯೂಷನ್ ಟ್ಯೂಬು ಸಿಕ್ಕಾಗಲೂ ಹಾಗೆಯೇ ಮಾಡಿದೆ. ಯಾಕೆ ಮೂಸುತ್ತೀಯೆಂದು ಕೇಳಲು ನನಗೆ ಮೂರು ದಿನ ಹಿಡಿಯಿತು. "ಮೂಸಿದ್ರ ನಿದ್ದಿ ಹತ್ತತದ್ರಿ ಸರ್" ಎಂದ. ದೀಪಾವಳಿ ಮುಗಿದೊಡನೆ ತಂದೆತಾಯಿ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಹೋಗಿದ್ದರು; ಅಜ್ಜಿಯೊಂದಿಗೆ ಉಳಿದ ಹುಡುಗ ತಿಂಗಳುಗಟ್ಟಲೆ ನಿದ್ದೆಗೆಟ್ಟಿದ್ದ, ಆಟ ಬಿಟ್ಟಿದ್ದ, ತಾಟಿನಲ್ಲಿ ಅರ್ಧ ಅನ್ನ ಉಳಿಸಿ ಏಳುತ್ತಿದ್ದ. ಬೇನೆ ಟ್ಯೂಬಿಗಿಂತ ಮೊದಲೇ ಬಂದಿತ್ತು.

ಎಲ್ಲ ಮಕ್ಕಳಲ್ಲೂ ಕ್ರಮ ಇದೇ ಇರುವುದಿಲ್ಲ. ಗೆಳೆಯರ ಜೊತೆ ಕುತೂಹಲಕ್ಕೆ ಶುರು ಮಾಡಿದವನಿಗೆ ಖಿನ್ನತೆ ಆಮೇಲೆ ಅಂಟಬಹುದು. ಎಳೆಯ ವಯಸ್ಸಿನಲ್ಲಿ ಗಾಂಜಾವನ್ನು ಹೆಚ್ಚು ಸೇದಿದವರಿಗೆ ಮುಂದೆ ಚಿತ್ತವಿಕಲತೆಯ, ಅಂದರೆ ಇಲ್ಲದ್ದು ಕಂಡು ಕೇಳಿ ವಾಸ್ತವದ ಅರಿವು ತಪ್ಪುವ ಕಾಯಿಲೆಯ, ಅಪಾಯ ಹೆಚ್ಚು. ತಂಬಾಕಿನ ಮೋಸವಂತೂ ಸೂಕ್ಷ್ಮವಾದದ್ದು: ನಿಕೋಟಿನ್ ಇಳಿದಾಗ ಹುಟ್ಟುವ ಚಡಪಡಿಕೆಯನ್ನು ಮುಂದಿನ ಪಾಕೀಟು ತಣಿಸುವುದರಿಂದ, ತನ್ನ ಆತಂಕಕ್ಕೆ ಅದೇ ಔಷಧವೆಂದು ಹುಡುಗ ನಂಬಿಬಿಡುತ್ತಾನೆ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮೂಸುವ ನಶೆ ವಯಸ್ಕರಲ್ಲಿ ಶೇ. 0.58ರಷ್ಟಿದ್ದರೆ ಮಕ್ಕಳಲ್ಲಿ ಶೇ. 1.17ರಷ್ಟಿದೆ. ಇಂಥ ಅಂಟುಗಳಲ್ಲಿರುವ ಟೊಲ್ಯೂಯಿನ್‌ನಂಥ ದ್ರಾವಕಗಳು ಹೃದಯದ ಬಡಿತವನ್ನೇ ತಪ್ಪಿಸಿ, ಮೊದಲ ಸಲವೇ ಜೀವ ತೆಗೆಯಬಲ್ಲವು.

ಕಾನೂನಿಗೆ ಕೊರತೆಯಿಲ್ಲ. ಮಗುವಿಗೆ ಮದ್ಯವನ್ನೋ ತಂಬಾಕನ್ನೋ ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆ 7 ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ. ಶಾಲೆಯ ಸುತ್ತ 100 ಗಜದೊಳಗೆ ತಂಬಾಕು ಮಾರುವಂತಿಲ್ಲ. (ನಮ್ಮ ಗೇಟಿನಿಂದ ಅಂಗಡಿಗಿರುವ ದೂರ ಅಳೆಯಲು ಟೇಪು ಬೇಕಿಲ್ಲ.) ಆದರೆ ಸೊಲ್ಯೂಷನ್ ಸೈಕಲ್ ಅಂಗಡಿಯ ಸಾಮಾನು, ಅದನ್ನು ಕೇಳಿದ ಹುಡುಗನ ಮೇಲೆ ಯಾರಿಗೆ ಅನುಮಾನ ಬರಬೇಕು?

ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ನಡೆಯುವ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಶಿಬಿರಕ್ಕೆ ಹೋಗೋಣವೆಂದಾಗ ಅಜ್ಜಿ, "ನಮ್ಮ ಹುಡುಗಗ ಹುಚ್ಚು ಹಿಡದದೇನ್ರಿ?" ಎಂದು ಸಿಟ್ಟಾದರು. ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಿಸಿದ ಮೇಲೆ ಒಪ್ಪಿದರು. ವೈದ್ಯರು ಹುಡುಗನೊಡನೆ ಬಹಳ ಹೊತ್ತು ಮಾತಾಡಿ, ತಂದೆತಾಯಿ ದಿನವೂ ಒಂದೇ ಹೊತ್ತಿಗೆ ಫೋನು ಮಾಡಬೇಕೆಂದು ತಿಳಿಸಿದರು. ಈಗ ರಾತ್ರಿ ಎಂಟಕ್ಕೆ ಪುಣೆಯಿಂದ ಕರೆ ಬರುತ್ತದೆ. ಟ್ಯೂಬನ್ನು ಪೂರ್ತಿ ಬಿಟ್ಟಿದ್ದಾನೆಂದು ಹೇಳಲಾರೆ. ಮೊದಲ ಪೀರಿಯಡ್ಡಿನಲ್ಲಿ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗುವುದು ಮಾತ್ರ ಕಡಿಮೆಯಾಗಿದೆ.